ಸಕ್ಕರೆ ಇಲ್ಲದ ಮನೆ

ಅಮಾನ್ ಎಸೆದ ತಟ್ಟೆ ಅಮ್ಮ ತಾಹೇರಾಳ ಹಣೆಗೆ ಬಡಿಯಿತು. ರಕ್ತ ಬಂತು. ಅವನು ನಗುತ್ತಿದ್ದ.

"ಕುಡ್ಕಂಡು ಬಂದಾನೆ," ಎಂದು ಅಣ್ಣ ಇಸ್ರಾರ್ ಬೆಲ್ಟ್ ಬಿಚ್ಚಿದ. ಹಿರಿಯೂರಿನ ಮಂಡಿಯಲ್ಲಿ ತೆಂಗಿನಕಾಯಿ ಮೂಟೆ ಹೊರುವ ತೋಳು ಅವನದು. ಒಂದು ಏಟು ಬೆನ್ನಿಗೆ, ಇನ್ನೊಂದು ಬಾಯಿಗೆ. ತುಟಿ ಸೀಳಿತು. ಅಮಾನ್ ತಿರುಗಿ ಅಣ್ಣನ ಮುಂಗೈ ಕಚ್ಚಿದ.

ಅಕ್ಕ ಹುಮೇರಾ ನಡುವೆ ನುಗ್ಗಿದಳು. ತಮ್ಮನ ಅಂಗಿ ಬೆವರಿಗೆ ತೊಯ್ದಿತ್ತು, ಮೈ ತಣ್ಣಗಿತ್ತು.

"ಬಿಡು ಭಾಯ್, ಕುಡ್ದಿಲ್ಲ, ಶುಗರ್ ಇಳಿದು ಹಿಂಗಾಡ್ತಾನೆ."

"ಅಮ್ಮನ ತಲೆ ಒಡೆಯೋ ಶುಗರ್ರಾ?"

ಅವಳು ತಮ್ಮನ ಬೆರಳು ಚುಚ್ಚಿ ಮೀಟರ್ ನೋಡಿದಳು. ಮೂವತ್ತೆಂಟು; ಎಪ್ಪತ್ತಾದರೂ ಇರಬೇಕಿತ್ತು.

ಇಸ್ರಾರ್ ಚಿತ್ರದುರ್ಗದಿಂದ ತಂದ ಶುಗರ್‌ಫ್ರೀ ಹಲ್ವಾ ಡಬ್ಬಿ ಖಾಲಿಯಾಗುತ್ತ ಬಂದಿತ್ತು. ಅಮಾನ್ ತಿಂದದ್ದರಲ್ಲಿ ಕಾರ್ಬೋಹೈಡ್ರೇಟ್ ಅರವತ್ತು ಗ್ರಾಂ. ಅಷ್ಟಕ್ಕೂ ಅವನು ಇನ್ಸುಲಿನ್ ಚುಚ್ಚಿಕೊಂಡಿದ್ದ. ಆ ಅರವತ್ತರಲ್ಲಿ ನಲವತ್ತು ಮಾಲ್ಟಿಟಾಲ್, ಶುಗರ್ ಆಲ್ಕೋಹಾಲ್ ಎನ್ನುವ, ರಕ್ತದಲ್ಲಿ ಸಕ್ಕರೆ ಅಷ್ಟಾಗಿ ಏರಿಸದ ಸಿಹಿ. ಆ ನಲವತ್ತರಲ್ಲಿ ಅರ್ಧ ಮಾತ್ರ ಲೆಕ್ಕಕ್ಕೆ ಹಿಡಿಯಬೇಕಿತ್ತು; ಇನ್ಸುಲಿನ್ ಹೆಚ್ಚಾಗಿತ್ತು.

ತಾಹೇರಾ ಉಳಿದ ಹಲ್ವಾವನ್ನೇ ಅವನ ಬಾಯಿಗೆ ತುರುಕಲು ಹೋದಳು. ಹುಮೇರಾ ಅವಳ ಕೈಗೆ ಹೊಡೆದಳು.

"ಇದ್ರಿಂದ ಬೇಗ ಏರಲ್ಲಮ್ಮೀ. ಸಕ್ಕರೆ ಕೊಡು."

ಸಕ್ಕರೆ ಇರಲಿಲ್ಲ. ಅಮಾನ್‌ಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ, ಮಗ ಬಿಟ್ಟಿದ್ದು ನಮಗೂ ಬೇಡ ಎಂದು ತಾಹೇರಾ ಡಬ್ಬಿ ತೊಳೆದು ಬೋರಲು ಹಾಕಿದ್ದಳು. ಬೆಲ್ಲವೂ ಇಲ್ಲ, ಹಣ್ಣೂ ಇಲ್ಲ.

ಹುಮೇರಾ ಪಕ್ಕದ ಮನೆಗೆ ಓಡಿದಳು.

"ಕೆಂಚಕ್ಕ, ಸಕ್ಕರೆ ಕೊಡ್ರಿ."

"ನಿಮ್ಮನೇಲಿ ಯಾರೇ ತಿನ್ನೋರು?" ಎನ್ನುತ್ತಲೇ ಕೆಂಚಕ್ಕ ಡಬ್ಬಿ ಕೊಟ್ಟಳು.

ಇಸ್ರಾರ್ ತಮ್ಮನ ಎದೆ ಮೇಲೆ ಮಂಡಿಯೂರಿ ದವಡೆ ಬಿಡಿಸಿದ. ಹುಮೇರಾ ಒಸಡಿಗೆ, ಸೀಳಿದ ತುಟಿಗೆ ಸಕ್ಕರೆ ತಿಕ್ಕಿದಳು. ಅಮಾನ್ ಕಿರುಚಿದ, ಒದ್ದ. ಆಮೇಲೆ ಒದೆಯುವುದು ನಿಂತಿತು. ಕೂರಿಸಿ ಸಕ್ಕರೆ ನೀರು ಕುಡಿಸಿದರು. ಸ್ವಲ್ಪ ಹೊತ್ತಿಗೆ ಮೀಟರ್ ಎಪ್ಪತ್ತೆರಡು ತೋರಿಸಿತು.

"ಬಾಯಿ ಯಾಕೆ ಉರೀತೈತೆ?" ಎಂದ ಅಮಾನ್.

ಇಸ್ರಾರ್ ಎದ್ದು ಬಾಗಿಲ ಕಡೆ ನಡೆದ.

"ಎಲ್ಲಿಗೆ ಹೋಗ್ತೀಯ?" ಹುಮೇರಾ ತಡೆದಳು. "ಇನ್ಸುಲಿನ್ ಇನ್ನೂ ಒಳಗೈತೆ, ಮತ್ತೆ ಇಳೀತದೆ. ಅನ್ನ ತಿನ್ಸು."

"ನಾನಾ?"

"ನೀನೇ ಒಡೆದ ಬಾಯಿ. ಹೆಂಗೆ ತಿನ್ಸಬೇಕೋ ನೀನೇ ನೋಡ್ಕ."

ಇಸ್ರಾರ್ ಕಚ್ಚಿಸಿಕೊಂಡ ಕೈಯಲ್ಲೇ ಅನ್ನ ಹಿಸುಕಿದ. ಮೊದಲ ತುತ್ತು ರಕ್ತದ ಜೊತೆ ಹೊರಗೆ ಬಂತು.

"ನುಂಗಲೇ," ಎಂದು ಇನ್ನೊಂದು ತುತ್ತು ಹಿಡಿದ.