ಎಲೆ ಮುಚ್ಚಿ ಓದಿದ ಪ್ರಣಾಳಿಕೆ

ಫರಂಗಿಪೇಟೆಯ ಹತ್ತಿರದ ಮನೆಗೆ ಎಲೆ ಕೊಟ್ಟು ಬೀಡಿ ಕಟ್ಟಿಸುವ ಒಂದು ಬ್ರಾಂಚಿನಲ್ಲಿ, ಅದನ್ನು ನಡೆಸುವ ಚಿದಾನಂದ, ಪೂವಮ್ಮನ ಕೈಯನ್ನು ತೆಂಗಿನಕಾಯಿಯ ಮೇಲೆ ಇಡಿಸಿದ. ಊರಿನ ದೈವದ ಹೆಸರಿನಲ್ಲಿ, ಅವನ ಪಕ್ಷಕ್ಕೇ ಓಟು ಹಾಕುತ್ತೇನೆಂದು ಅವಳಿಂದ ಹೇಳಿಸಿದ. ಆಮೇಲಷ್ಟೇ ಬೀಡಿ ಎಲೆ ತೂಗಿ ಕೊಟ್ಟ.

ಆ ಭಾನುವಾರ ಮಧ್ಯಾಹ್ನ ಪೂವಮ್ಮ ನೆರೆಮನೆಯ ಆಯಿಶಮ್ಮನ ಜಗಲಿಯಲ್ಲಿ ಬೀಡಿ ಕಟ್ಟಲು ಕುಳಿತಳು. ನೇತ್ರಾವತಿಯ ಕಡೆಯಿಂದ ಗಾಳಿ ತೂಕಡಿಸುತ್ತ ಬರುತ್ತಿತ್ತು. ಹೆದ್ದಾರಿಯ ಲಾರಿಗಳ ಸದ್ದು ಎಲ್ಲೋ ದೂರದ ಕಡಲಿನಂತಿತ್ತು. ಇಬ್ಬರಿಗೂ ಕಣ್ಣು ಅರ್ಧ ಮುಚ್ಚಿದ್ದರೂ ಬೆರಳುಗಳು ಎಲೆ ಸುತ್ತುತ್ತಲೇ ಇದ್ದವು.

ಪ್ರಮಾಣದ ಸುದ್ದಿ ಕೇಳಿ ಆಯಿಶಮ್ಮ ಮೆಲ್ಲಗೆ ನಕ್ಕಳು. "ನನ್ನ ಹತ್ತಿರ ಆ ಚಿದಾನಂದ ಮಕ್ಕಳ ತಲೆ ಮುಟ್ಟಿ ಹೇಳು ಅಂದ. ಮಕ್ಕಳು ನನಗಿಂತ ಉದ್ದ ಬೆಳೆದಿದ್ದಾರೆ, ತಲೆ ಎಟಕುವುದಿಲ್ಲ ಅಂದೆ."

ಪಂಚಾಯತಿನ ಗ್ರಂಥಾಲಯ ನೋಡಿಕೊಳ್ಳುವ ಶಶಿಪ್ರಭಾ ಪ್ರತಿ ಭಾನುವಾರ ಇಲ್ಲಿಗೆ ಬಂದು ಪತ್ರಿಕೆ ಓದಿ ಹೇಳುತ್ತಿದ್ದಳು. ಅಂದು ಮೂರು ದೊಡ್ಡ ಪಕ್ಷಗಳ ಪ್ರಣಾಳಿಕೆಗಳನ್ನು ತಂದಿದ್ದಳು. ಪೂವಮ್ಮನ ಮೊರದಂಥ ಗೆರಸೆಯಿಂದ ಬೀಡಿ ಎಲೆಗಳನ್ನೆತ್ತಿ ಪ್ರತಿಯೊಂದರ ಮೇಲಿನ ಹೆಸರು, ಚಿಹ್ನೆ ಮುಚ್ಚಿದಳು. ಯಾವುದು ಯಾರದ್ದೆಂದು ಹೇಳದೆ ಓದತೊಡಗಿದಳು.

ಒಂದರಲ್ಲಿ ದೊಡ್ಡ ರಸ್ತೆ, ದೊಡ್ಡ ಬಂದರು ಇತ್ತು. ಇನ್ನೊಂದರಲ್ಲಿ ಹೆಂಗಸರಿಗೆ ತಿಂಗಳ ಸಹಾಯ. ಮೂರನೆಯದರಲ್ಲಿ ಬೀಡಿ ಕಾರ್ಮಿಕರಿಗೆ ಪಿಂಚಣಿ, ಹತ್ತಿರದಲ್ಲೇ ಆಸ್ಪತ್ರೆ. ಪೂವಮ್ಮನ ಬೆರಳು ನಿಂತಿತು. ಬೆನ್ನುನೋವಿಲ್ಲದ ಒಂದು ಮುದಿತನ, ಹಾಗೇ ಗಾಳಿಯಲ್ಲಿ ತೇಲಿ ಜಗಲಿಗೆ ಬಂದು ಪಕ್ಕದಲ್ಲಿ ಕುಳಿತಂತಾಯಿತು ಅವಳಿಗೆ.

"ಇದು ನಮ್ಮವರದ್ದೇ" ಎಂದಳು.

ಶಶಿಪ್ರಭಾ ಎಲೆ ಸರಿಸಿದಳು. ಪೂವಮ್ಮ ವರ್ಷಗಳಿಂದ ಬೈಯುತ್ತಾ ಬಂದ ಪಕ್ಷ ಅದು. ಅವಳು ಪ್ರಮಾಣ ಮಾಡಿದ ಪಕ್ಷದ ಪುಸ್ತಕದಲ್ಲಿ ಬೀಡಿ ಎಂಬ ಶಬ್ದವೇ ಇರಲಿಲ್ಲ.

ಹಾಗಾದರೆ ಇವರಿಗೇ ಹಾಕುವುದಾ ಎಂದು ಆಯಿಶಮ್ಮ ಕೇಳಿದಳು. ಶಶಿಪ್ರಭಾ ತಲೆಯಾಡಿಸಲಿಲ್ಲ. ಕಾಗದದಲ್ಲಿ ಬರೆಯುವುದು ಸುಲಭ ಎಂದಳು. ಹಿಂದೆ ಅಧಿಕಾರದಲ್ಲಿದ್ದಾಗ ಯಾರು ಎಂತ ಮಾಡಿದರು, ಅಭ್ಯರ್ಥಿಯ ಮೇಲೆ ಕೇಸು ಉಂಟಾ, ಅದನ್ನೂ ನೋಡಬೇಕು. ಅಭ್ಯರ್ಥಿಗಳ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ ಎಂದು ಮೊಬೈಲಿನಲ್ಲಿ ತೆಗೆದು ತೋರಿಸಿದಳು. ಆ ಮಧ್ಯಾಹ್ನವೆಲ್ಲ ಮೂವರೂ ಅದನ್ನೇ ನೋಡಿದರು. ನೋಡಿದಷ್ಟೂ ಮೂರು ಪಕ್ಷಗಳಲ್ಲೂ ಒಂದೊಂದು ಹುಳುಕು ಕಂಡಿತು, ಒಂದೊಂದು ಒಳ್ಳೆಯದೂ ಕಂಡಿತು.

ಕೊನೆಗೆ ಪೂವಮ್ಮ ತಗ್ಗಿದ ದನಿಯಲ್ಲಿ ಕೇಳಿದಳು, "ನಾನು ಪ್ರಮಾಣ ಮಾಡಿ ಆಯ್ತಲ್ಲ ಶಶಿಯಕ್ಕ. ದೈವಕ್ಕೆ ಎಂತ ಹೇಳುವುದು?"

"ಎಲೆ ಕೊಡುವುದಿಲ್ಲ ಅಂತ ಹೆದರಿಸಿ ಮಾಡಿಸಿದ್ದಲ್ಲವಾ? ಕಾನೂನಿನಲ್ಲಿ ಅದು ಮಾಡಿಸಿದವನ ತಪ್ಪು. ಊರಿಗೆಲ್ಲ ನ್ಯಾಯ ಹೇಳುವ ದೈವಕ್ಕೆ ಅಷ್ಟು ಗೊತ್ತಾಗುವುದಿಲ್ಲವಾ ಪೂವಕ್ಕ?"

ಪೂವಮ್ಮ ಗೆರಸೆ ಎತ್ತಿಕೊಂಡು ಎದ್ದಳು. ಮನೆಗೆ ಹೋಗಿ ಗಂಡ ಗುರುವಪ್ಪನಿಗೆ ಎಲ್ಲ ಹೇಳಿದಳು. ಮನೆಯ ಓಟೆಲ್ಲ ಒಂದೇ ಕಡೆ ಹೋಗಬೇಕು ಎನ್ನುತ್ತಿದ್ದವನು ಅವಳ ಕಡೆ ತಿರುಗಿ ಕುಳಿತ. "ನನಗೂ ಹಾಗೆ ಎಲೆ ಮುಚ್ಚಿ ಓದಲಿಕ್ಕೆ ಶಶಿಪ್ರಭಾಳಿಗೆ ಹೇಳು" ಎಂದ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಹಾಗೆ ಓದಿ ನೋಡಿ. ಹೆಸರು ಮುಚ್ಚಿ ಕೇಳಿ, ಹೆಸರು ತೆರೆದು ವಿಚಾರಿಸಿ. ಯಾರಿಗೆ ಎಂಬುದು ನಿಮ್ಮ ಆಯ್ಕೆ; ಅದನ್ನು ಯಾರಿಗೂ ಹೇಳಬೇಕೆಂದಿಲ್ಲ. ಕೂಲಿ ಕೊಡುವವನಿಗೆ, ಗಂಡನಿಗೆ, ಓದಿ ಹೇಳಿದವರಿಗೆ ಕೂಡ. ಹೆದರಿಸಿ ಓಟು ಕೇಳುವುದು ಅಪರಾಧ. ದೂರು ಕೊಡಬೇಕೆಂದರೆ 1950ಕ್ಕೆ ಫೋನ್ ಮಾಡಿ.

ಮತದಾನದ ದಿನ ಬೆಳಿಗ್ಗೆ ಮಂಜು ಇನ್ನೂ ನದಿಯ ಮೇಲೆ ಮಲಗಿತ್ತು. ಚಿದಾನಂದನ ಜೀಪು ಮತಗಟ್ಟೆಗೆ ಹೊರಟಿದ್ದ ಪೂವಮ್ಮನ ಪಕ್ಕ ಬಾಗಿಲು ತೆರೆದು ನಿಂತಿತು. ಒಳಗೆ ಬ್ರಾಂಚಿನ ನಾಲ್ಕೈದು ಹೆಂಗಸರು ತಲೆ ತಗ್ಗಿಸಿ ಕುಳಿತಿದ್ದರು.

"ಜೀಪು ಹತ್ತು ಪೂವಕ್ಕ. ಹೇಳಿದ್ದು ನೆನಪುಂಟಲ್ಲ? ನಾಳೆ ಎಲೆ ಬೇಕಲ್ಲ?"

ಪೂವಮ್ಮ ಜೀಪಿನ ಬಾಗಿಲನ್ನು ಕೈಯಿಂದ ಮೆಲ್ಲಗೆ ಮುಚ್ಚಿದಳು.

"ಎಲೆ ಬೇಕು. ಜೀಪು ಬೇಡ. ಓಟು ಯಾರಿಗೆ ಅಂತ ನಾನು ಹೇಳುವುದಿಲ್ಲ."