ಬಕೆಟ್ ಹಿಡಿದು ಹೋಗುವಷ್ಟು ದಾರಿ

ಇದನ್ನು ಹೇಳಲು ನಾನು ತಕ್ಕವನಲ್ಲ ಎಂಬುದು ನನಗೆ ಗೊತ್ತು. ಮನೆಯವರು ಹೇಳಬೇಕಾದದ್ದನ್ನು ಬೀದಿಯವನು ಹೇಳಿದರೆ ಎಲ್ಲಿ ತಪ್ಪಾಗುತ್ತದೋ ಎಂಬ ಅಳುಕಿನಲ್ಲೇ ಬರೆಯುತ್ತಿದ್ದೇನೆ. ಆದರೆ ಆ ಮನುಷ್ಯನ ಬಗ್ಗೆ ಅವತ್ತು ಆಡಿದ ಮಾತುಗಳು ಅಷ್ಟಕ್ಕೇ ನಿಂತುಬಿಡಬಾರದು ಅನಿಸಿತು. ಹೆಚ್ಚುಕಮ್ಮಿಯಾದರೆ ಕ್ಷಮಿಸಬೇಕು.

“ಸ್ವಲ್ಪ ಎಡಕ್ಕೆ. ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕೆ” ಎಂದು ಬೇಕರಿಯವರು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು.

ಉದ್ದನೆಯ ಪಡಸಾಲೆಯ ನಡುವೆ ಹಳೆಯ ಫ್ರಿಜ್ಜೊಂದು ಅಡ್ಡ ಸಿಕ್ಕಿಕೊಂಡಿತ್ತು. ಅದರ ಆಚೆ ಹಿಂದಿನ ಕೋಣೆ. ಆ ಕೋಣೆಯ ಮಂಚದ ಮೇಲೆ, ಮೊಣಕಾಲಿನವರೆಗೆ ಮಾತ್ರ ಬರುವ ಹೊದಿಕೆಯಡಿ, ಮನೆಯ ಯಜಮಾನರು, ಬೀದಿಯವರ ಬಾಯಲ್ಲಿ ರಿಪೇರಿಯವರು, ಮಲಗಿದ್ದರು. ಫ್ರಿಜ್ಜು ಹೊರಗೆ ಬಂದರೆ ಮಾತ್ರ ಅವರು ಹೊರಗೆ ಬರುವಂತಿತ್ತು.

ಸತ್ತವರ ಅಳಿಯನೂ, ಹೆಂಡತಿಯ ತಮ್ಮನೂ ಬಗ್ಗಿ ಎತ್ತಿದರು. ಫ್ರಿಜ್ಜಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗೆ ತುಂಬಿಟ್ಟಿದ್ದ ಪ್ಲಗ್ಗುಗಳು, ವೈರಿನ ತುಂಡುಗಳು, ಹಲ್ಲು ಮುರಿದ ಚಕ್ರಗಳು ದಡದಡ ನೆಲಕ್ಕೆ ಸುರಿದವು.

“ಹೋಯ್ತಲ್ಲಪ್ಪ, ಹೊಟ್ಟೆ ಖಾಲಿ ಮಾಡ್ಕೊಳ್ತು” ಎಂದ ತಮ್ಮ. “ಈಗ ಹಗುರ ಆಗಿರುತ್ತೆ. ಎತ್ತಿ.”

ಬೀದಿಯಲ್ಲಿ ಆಗಲೇ ಮನೆಯ ಅರ್ಧ ಹರಡಿ ಬಿದ್ದಿತ್ತು. ಬೆಳಿಗ್ಗೆ ಅವರು ಎದೆ ಹಿಡಿದುಕೊಂಡು ಬಿದ್ದಾಗ ಆಂಬ್ಯುಲೆನ್ಸು ಬೇಗನೇ ಬಂದಿತ್ತು. ಸ್ಟ್ರೆಚರ್ ಮಾತ್ರ ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹೋಗಿ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಆಂಬ್ಯುಲೆನ್ಸಿನವರು ಕೈಗೆ ಸಿಕ್ಕಿದ್ದನ್ನೆಲ್ಲ ಹೊರಗೆ ಎಸೆದರು. ಇದ್ದ ಸಂದಿಯೂ ಸ್ಟ್ರೆಚರಿನಿಂದ ಮುಚ್ಚಿಹೋಗಿದ್ದರಿಂದ ಕೊನೆಗೆ ಒಬ್ಬ ಸಾಮಾನಿನ ಮೇಲೆ ಹತ್ತಿ, ತೆವಳಿ ಹಿಂದಿನ ಕೋಣೆ ಮುಟ್ಟಿದ. ಅಷ್ಟರಲ್ಲಿ ಮುಗಿದಿತ್ತು.

ಮಗಳು ಬಂದಾಗಿನಿಂದ ಸೋದರಮಾವನಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು.

“ಮಾವ, ಅವರು ಬಂದಾಗ ಅಪ್ಪನಿಗೆ ಉಸಿರಿತ್ತಾ?”

“ಈಗ ಅದೆಲ್ಲ ಯಾಕಮ್ಮ.”

“ಇತ್ತಾ ಇಲ್ವಾ, ಅಷ್ಟು ಹೇಳಿ.”

ಮಾವ ಸೊಂಟ ನೆಟ್ಟಗೆ ಮಾಡಿಕೊಂಡ. “ಇತ್ತು ಅಂತಾಳೆ ನಿಮ್ಮಮ್ಮ. ಕೈ ಹಿಡ್ಕೊಂಡಿದ್ದಳಂತೆ.”

ಮಗಳು ಫ್ರಿಜ್ಜನ್ನು ನೋಡಿದಳು. “ಹಾಗಾದ್ರೆ ಗುಜರಿನೇ ತಿಂದು ಹಾಕ್ತು. ಅಪ್ಪನೇ ಸಾಕಿದ ಗುಜರಿ. ನಾನು ಬೇಡ, ಮೊಮ್ಮಗಳು ಬೇಡ, ಅವರಿಗೆ ಇದು ಬೇಕಿತ್ತು. ಇದರ ಜೊತೆನೇ ಹೋದ್ರು.”

ಹಿಂದಿನ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದ ತಾಯಿಗೆ ಈ ಮಾತು ಚೆನ್ನಾಗಿ ಕೇಳಿಸಿತು.

*

ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಅವರದೊಂದು ಅಂಗಡಿ ಇತ್ತು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ರೇಡಿಯೊ, ಹೊಲಿಗೆ ಯಂತ್ರ, ಏನು ಕೊಟ್ಟರೂ ಬೇಡವೆನ್ನುತ್ತಿರಲಿಲ್ಲ. ಗಿರಾಕಿಯ ಹೆಸರು ಕೇಳುವುದಕ್ಕೆ ಅವರಿಗೆ ಸಂಕೋಚ. ಗಿರಾಕಿ ಅತ್ತ ಹೋದ ಮೇಲೆ ಒಂದು ಬಟ್ಟೆಚೂರಿನ ಮೇಲೆ ಗುರುತು ಬರೆದು ಸಾಮಾನಿಗೆ ಕಟ್ಟುತ್ತಿದ್ದರು: ‘ಹಸಿರು ಗೇಟು.’ ‘ಎಡಗೈಯವಳು.’ ‘ಕೆಮ್ಮುತ್ತಾ ನಗುವವನು.’ ನೋಡಿದ ತಕ್ಷಣ ಅವರಿಗೆ ಆ ಮುಖ ನೆನಪಾಗುತ್ತಿತ್ತು.

ಕೊಟ್ಟವರಲ್ಲಿ ಎಷ್ಟೋ ಜನ ವಾಪಸು ಬರಲಿಲ್ಲ. ಹೊಸದು ಕೊಂಡಿರುತ್ತಿದ್ದರು, ಇಲ್ಲವೇ ಮರೆತಿರುತ್ತಿದ್ದರು. ಅಂಗಡಿಸಾಲನ್ನು ಕೆಡವಿದಾಗ ಅವರು ಅದನ್ನೆಲ್ಲ ಮನೆಗೆ ತಂದರು.

“ಬೇರೆಯವರ ಸಾಮಾನು ಕಣೇ. ನಾಳೆ ಕೇಳ್ಕೊಂಡು ಬಂದ್ರೆ ಏನಂತ ಹೇಳ್ಲಿ?”

“ಎಂಟು ವರ್ಷ ಆಯ್ತು ರೀ. ಕೇಳೋಕೆ ಅವರು ಇರಬೇಕಲ್ಲ.”

“ಅವರಿಲ್ಲದಿದ್ರೆ ಮಕ್ಕಳಿರ್ತಾರೆ.”

ಮೊದಮೊದಲು ಅದು ಪ್ರಾಮಾಣಿಕತೆಯೇ ಆಗಿತ್ತು. ಆಮೇಲೆ ಏನಾಗಿತ್ತು ಎಂದು ಹೇಳುವುದು ಕಷ್ಟ. ರಿಪೇರಿಯವರು ಬೇಡವೆನ್ನುವುದಿಲ್ಲ ಎಂದು ತಿಳಿದ ಮೇಲೆ ಬೀದಿಯವರು ಮನೆಯ ಹಾಳುಮೂಳನ್ನೆಲ್ಲ ತಂದು ಜಗುಲಿಯ ಮೇಲೆ ಇಟ್ಟು ಹೋಗತೊಡಗಿದರು. ಅವರೂ ದಾರಿಯಲ್ಲಿ ಕಂಡ ಮೊಳೆ, ಮುಚ್ಚಳ, ಖಾಲಿ ಡಬ್ಬಿಯನ್ನು ಬಿಟ್ಟು ಬರಲಾರದಾದರು. ಹೆಂಡತಿ ಒಂದು ಒಡೆದ ಪ್ಲಗ್ಗನ್ನು ಎಸೆದರೆ ಸಂಜೆ ಅದು ತೊಳೆದು ಒರೆಸಿಕೊಂಡು ಮತ್ತೆ ಒಳಗೆ ಬಂದಿರುತ್ತಿತ್ತು. ಮೊದಲು ಕುರ್ಚಿಗಳು ಮರೆಯಾದವು, ಆಮೇಲೆ ಕಿಟಕಿ, ಆಮೇಲೆ ನೆಂಟರು. ಅವಳು ಕೂಗಾಡಿದಳು, ಊಟ ಬಿಟ್ಟಳು, ತಮ್ಮನ ಮನೆಗೆ ಹೋಗಿ ಕೂತಳು. ಅವರು ಬಂದು ಕರೆದುಕೊಂಡು ಹೋದರು. ವಾಪಸು ಬರುವಾಗ ಅವರ ಕೈಯಲ್ಲೊಂದು ಮುರಿದ ಟೇಬಲ್ ಫ್ಯಾನಿತ್ತು.

ಆದರೆ ಒಂದು ವಿಷಯದಲ್ಲಿ ಅವರು ಕಟ್ಟುನಿಟ್ಟು. ಮುಂಬಾಗಿಲಿಂದ ಹಿಂದಿನ ಕೋಣೆಯವರೆಗೆ ಹೆಂಡತಿ ನೀರಿನ ಬಕೆಟ್ ಹಿಡಿದು ಹೋಗುವಷ್ಟು ದಾರಿ ಇರಲೇಬೇಕು. ಹೊಸದೇನಾದರೂ ತಂದಿಟ್ಟರೆ, “ಒಂದು ಸಲ ಬಕೆಟ್ ಹಿಡ್ಕೊಂಡು ನಡಿಯೇ” ಎನ್ನುತ್ತಿದ್ದರು. ಅವಳು ಬೈದುಕೊಂಡೇ ನಡೆಯುತ್ತಿದ್ದಳು. ಬಕೆಟ್ ತಗುಲಿದರೆ ಆ ಸಾಮಾನು ಮೇಲಕ್ಕೆ ಹೋಗಬೇಕು. ದಾರಿಗೆ ಮಾತ್ರ ಬರುವಂತಿಲ್ಲ.

ಮೊಮ್ಮಗಳು ಗುಬ್ಬಿಗೆ ಧೂಳು ಆಗಿಬರುತ್ತಿರಲಿಲ್ಲ. ಎರಡು ಸಲ ಈ ಮನೆಗೆ ಬಂದು ಎರಡು ಸಲವೂ ಉಬ್ಬಸ ಬಂದು ಆಸ್ಪತ್ರೆ ಸೇರಿದ ಮೇಲೆ, ಮಗಳು ಹೊಸ್ತಿಲಾಚೆ ನಿಂತೇ ಹೇಳಿದಳು: “ಅಪ್ಪ, ಇದೆಲ್ಲ ಹೋಗೋವರೆಗೂ ನಾನು ಇವಳನ್ನ ಕರ್ಕೊಂಡು ಬರಲ್ಲ. ನಾನೂ ಬರಲ್ಲ.”

ಅವರು ತಲೆ ತಗ್ಗಿಸಿ ಒಂದು ಸ್ಕ್ರೂವನ್ನು ಉಗುರಿನಿಂದ ಉಜ್ಜುತ್ತಾ ಕೂತರು. ಅವಳು ಹಾಗೆಯೇ ಹೋದಳು. ಆಮೇಲೆ ಬಂದದ್ದು ಇವತ್ತೇ.

*

ಫ್ರಿಜ್ಜು ಬೀದಿಗೆ ಬಂತು. ಶವವಾಹನದ ಚಾಲಕ ಬೀದಿಯ ತುದಿಯಲ್ಲೇ ಗಾಡಿ ನಿಲ್ಲಿಸಿ ನಡೆದು ಬಂದ.

“ಗಾಡಿ ಒಳಗೆ ಬರೋಕೆ ಆಗ್ತಿಲ್ಲ ಸ್ವಾಮಿ. ದಾರಿ ತುಂಬ ಸಾಮಾನು.”

“ಒಳಗಿದ್ದಾಗ ಒಳಗೆ ಅಡ್ಡ, ಹೊರಗೆ ಬಂದ್ರೆ ಹೊರಗೆ ಅಡ್ಡ” ಎಂದು ತಮ್ಮ ಗೊಣಗಿದ. “ಸರಿ, ಬದಿಗೆ ಹಾಕೋಣ. ಎಲ್ಲರೂ ಒಂದು ಕೈ ಕೊಡಿ.”

ದುಃಖ ಹೇಳಲು ಬಂದವರೆಲ್ಲ ಬಗ್ಗಿದರು. ಬೇಕರಿಯವರು ಒಂದು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡವರು ಹಾಗೆಯೇ ನಿಂತರು.

“ಇದು ನಮ್ಮದಲ್ವಾ? ಹಿಡಿ ಸುಟ್ಟಿತ್ತು, ಕೊಟ್ಟಿದ್ದೆ.” ಬಟ್ಟೆಚೂರು ತಿರುಗಿಸಿ ಓದಿದರು. “‘ಸಕ್ಕರೆ ಕಮ್ಮಿ.’ ಏನಿದು?”

“ನಿಮ್ಮ ಬನ್ನಿನ ಬಗ್ಗೆ ಬರೆದಿದ್ದಾರೆ” ಎಂದಳು ಎದುರುಮನೆಯಾಕೆ. “ನಿಜ ತಾನೆ?”

“ನಿಮ್ಮದು ನೋಡ್ಕೊಳ್ಳಿ ಮೊದಲು. ಆ ಮಿಕ್ಸಿ ನಿಮ್ಮದೇ ಇರಬೇಕು.”

ಮಿಕ್ಸಿ ಅವಳದೇ. ಅದರ ಚೂರಿನ ಮೇಲೆ ‘ನಾಳೆ ಬರ್ತೀನಿ’ ಎಂದಿತ್ತು. ಅಂಗಡಿಯ ಮುಂದೆ ಹಾದುಹೋದಾಗಲೆಲ್ಲ ಅವಳು ಹೇಳುತ್ತಿದ್ದ ಮಾತು. ಅವಳು ನಕ್ಕಳು. ನಗುವನ್ನು ಅರ್ಧಕ್ಕೆ ನಿಲ್ಲಿಸಿ, ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ಸರಿ ಮಾಡಿಟ್ಟಿದ್ದಾರೆ ಕಣ್ರೀ. ಬ್ಲೇಡು ಹೊಸದು.”

“ನೋಡಿದ್ರಾ?” ಎಂದಳು ಮಗಳು. ಅವಳ ದನಿ ಸೀಳಿ ಬಂತು. “ಊರವರ ಮಿಕ್ಸಿಗೆಲ್ಲ ಹೊಸ ಬ್ಲೇಡು. ನನ್ನ ಮಗು ಬಂದರೆ ಕೂರೋಕೆ ಒಂದು ಗೇಣು ಜಾಗ ಮಾಡ್ಲಿಲ್ಲ. ನಾನು ಅತ್ತೆ ಮನೆಯಲ್ಲಿ ಏನಂತ ಹೇಳ್ಕೊಳ್ಳಲಿ, ನಮ್ಮಪ್ಪ ಹೇಗೆ ಹೋದ್ರು ಅಂತ?”

ಗುಬ್ಬಿಯನ್ನು ಧೂಳಿಗೆ ಹೆದರಿ ಎದುರುಮನೆಯ ಜಗುಲಿಯಲ್ಲಿ ಕೂರಿಸಿದ್ದರು. ಅವಳು ಕಾಲು ಅಲ್ಲಾಡಿಸುತ್ತಾ ಎಲ್ಲವನ್ನೂ ನೋಡುತ್ತಿದ್ದಳು.

ತಾಯಿ ಬಾಗಿಲಿಗೆ ಬಂದು ನಿಂತಿದ್ದಳು. ಬಾಗಿಲ ಹಿಂದಿನ ಮೊಳೆಗೆ ಹೊಸ ಹಗ್ಗದ ಸುರುಳಿಯೊಂದು ನೇತುಬಿದ್ದಿತ್ತು. ಅವಳು ಅದನ್ನು ಕಣ್ಣೆತ್ತಿ ನೋಡಲಿಲ್ಲ.

*

ಆ ಹಗ್ಗ ತಂದವರು ರಿಪೇರಿಯವರೇ. ಅದೇ ವಾರ ತಂದದ್ದು.

ಭಾನುವಾರ ಬೆಳಿಗ್ಗೆ ಎದ್ದವರೇ ಅಟ್ಟದಿಂದ ಒಂದು ರೇಡಿಯೊ ಇಳಿಸಿ, ಒರೆಸಿ, ಪಡಸಾಲೆಯ ದಾರಿಯಲ್ಲಿ ಇಟ್ಟರು. ಅದರ ಮೇಲೆ ಇನ್ನೊಂದು.

“ದಾರಿಗ್ಯಾಕೆ ಇಡ್ತಿದೀರಿ?” ಎಂದಳು ಹೆಂಡತಿ.

“ಹೋಗೋ ಸಾಮಾನು ದಾರಿಯಲ್ಲೇ ಇರಬೇಕು. ಆಟೊದವನಿಗೆ ಹೇಳಿದೀನಿ, ಬುಧವಾರ ಬರ್ತಾನೆ.”

ಅವಳು ನಂಬಲಿಲ್ಲ. ಅವರು ಮೂರು ದಿನ ಎತ್ತಿ ಎತ್ತಿ ಇಟ್ಟರು. ಒಂದೊಂದನ್ನು ಇಳಿಸುವಾಗಲೂ ಅದರ ಚೂರು ಓದಿ, ತುಸು ಹೊತ್ತು ನಿಂತು, “ಬರಲ್ಲ ಬಿಡು ಇವರು” ಎನ್ನುತ್ತಿದ್ದರು. ಎದೆ ಉಜ್ಜಿಕೊಳ್ಳುತ್ತಿದ್ದರು. ಅವಳು ಅದನ್ನು ಸಂಕಟ ಎಂದುಕೊಂಡಳು. ಫ್ರಿಜ್ಜನ್ನು ಮೂಲೆಯಿಂದ ಜರುಗಿಸಲು ಇಬ್ಬರೂ ಬೆನ್ನು ಕೊಟ್ಟು ತಳ್ಳಿದರು.

“ಮಗಳಿಗೆ ಫೋನ್ ಮಾಡ್ಲಾ?”

“ಬೇಡ. ಖಾಲಿಯಾದ ಮೇಲೆ ಮಾಡು. ಮೊದಲೇ ಹೇಳಿ ಆಗದೇ ಹೋದ್ರೆ ಸುಳ್ಳುಗಾರ ಆಗ್ತೀನಿ. ಗುಬ್ಬಿ ಬಂದು ಈ ತುದಿಯಿಂದ ಆ ತುದಿಗೆ ಓಡಲಿ, ಆಮೇಲೆ ಹೇಳೋಣ.”

ಬುಧವಾರ ಅವರು ಹೇರಿದ ಸಾಮಾನು ಕಟ್ಟಲೆಂದು ಹಗ್ಗ ತರಲು ಹೋದಾಗ ಸಾಮಾನಿನ ಆಟೊ ಬಂತು. ಅದೇ ಹೊತ್ತಿಗೆ ಎದುರುಮನೆಗೆ ನೆಂಟರು ಬಂದು ಜಗುಲಿ ತುಂಬ ಕೂತಿದ್ದರು. ಒಳ್ಳೆಯ ಸೀರೆ ಉಟ್ಟವರು, ಅಪರಿಚಿತರು. ಅವರ ಕಣ್ಣಮುಂದೆ ಈ ಮನೆಯ ಹೊಟ್ಟೆಯೊಳಗಿನದೆಲ್ಲ ಒಂದೊಂದಾಗಿ ಹೊರಗೆ ಬರುವುದನ್ನು ನೆನೆದು ಅವಳ ಮೈ ಕುಗ್ಗಿತು. ಇಷ್ಟು ವರ್ಷ ಬಾಗಿಲನ್ನು ಅರ್ಧವೇ ತೆರೆದು ಬಾಳಿದವಳು ಅವಳು.

“ಈಗ ಬೇಡಪ್ಪ. ಇನ್ನೊಂದು ದಿನ ಬಾ.”

“ಯಜಮಾನ್ರೇ ಹೇಳಿದ್ರಲ್ಲಮ್ಮ, ಇವತ್ತೇ ಅಂತ.”

“ನಾನು ಹೇಳ್ತಿದೀನಲ್ಲ.”

“ನಾಳೆ ಬೇರೆ ಬಾಡಿಗೆ ಇದೆ. ಶುಕ್ರವಾರ ಮಧ್ಯಾಹ್ನ ಬರ್ಲಾ?”

“ಶುಕ್ರವಾರವೇ ಬಾ.”

ಗಂಡ ಬೆವರು ಒರೆಸಿಕೊಳ್ಳುತ್ತಾ ಹಗ್ಗ ಹೊತ್ತು ಬಂದರು. “ಬಂದನೇನೇ?”

“ಇಲ್ಲ. ಅವನಿಗೆ ಬಿಡುವಿಲ್ಲವಂತೆ, ಶುಕ್ರವಾರ ಬರ್ತಾನಂತೆ. ಹೇಳಿ ಕಳಿಸಿದ.”

ಅವರು ದಾರಿ ತುಂಬಿದ ಸಾಮಾನನ್ನು ನೋಡಿದರು. “ಸರಿ. ಎರಡು ದಿನ ತಾನೆ. ಅಡ್ಡಡ್ಡ ನಡೆಯೋಣ, ಏಡಿ ತರ.” ಹಗ್ಗವನ್ನು ಮೊಳೆಗೆ ಹಾಕಿ, ಸಾಮಾನಿನ ಸಂದಿಯಲ್ಲಿ ಅಡ್ಡ ತಿರುಗಿ ನಡೆದು ತೋರಿಸಿದರು. ಅವಳಿಗೆ ನಗು ಬಂತು.

ಶುಕ್ರವಾರ ಬೆಳಿಗ್ಗೆ ಅವರು ಬಿದ್ದರು.

*

ರಿಪೇರಿಯವರನ್ನು ಹೊರಗೆ ತಂದು ವಾಹನದಲ್ಲಿ ಮಲಗಿಸುವಾಗ ಅದರ ಹಿಂದೆ ಒಂದು ಸಾಮಾನಿನ ಆಟೊ ಬಂದು ನಿಂತಿತು. ಚಾಲಕ ಇಳಿದ, ನೋಡಿದ, ತಲೆಗೆ ಕಟ್ಟಿದ್ದ ಟವೆಲ್ ತೆಗೆದ. ಬಾಗಿಲಲ್ಲಿ ನಿಂತಿದ್ದ ತಾಯಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ:

“ಗೊತ್ತಿರಲಿಲ್ಲಮ್ಮ. ಇವತ್ತು ಬೇಡ ಬಿಡಿ. ನಾನು ಹೋಗ್ತೀನಿ.”

ಬೇರೆ ಯಾರಿಗೂ ಕೇಳಿಸಿರಲಿಲ್ಲ. ತಲೆಯಾಡಿಸಿದ್ದರೆ ಸಾಕಿತ್ತು. ಆಟೊ ಹಿಂದಕ್ಕೆ ತಿರುಗುತ್ತಿತ್ತು, ಮಗಳು ಅಪ್ಪನನ್ನು ಬೈದುಕೊಂಡೇ ಬದುಕುತ್ತಿದ್ದಳು, ತಾಯಿಯ ಕೈ ಮಾತ್ರ ಬಿಡುತ್ತಿರಲಿಲ್ಲ. ಅವನು ತಿರುಗಿ ಎರಡು ಹೆಜ್ಜೆ ಇಟ್ಟ.

“ನಿಲ್ಲಪ್ಪ” ಎಂದಳು ಅವಳು. ಆಮೇಲೆ ಮಗಳನ್ನು ಕರೆದಳು. “ಬಾ ಇಲ್ಲಿ. ಇವನನ್ನ ಕೇಳು, ಯಾಕೆ ಬಂದಿದ್ದು ಅಂತ.”

ಮಗಳು ಅರ್ಥವಾಗದೆ ನೋಡಿದಳು.

“ಯಜಮಾನ್ರು ಹೇಳಿದ್ರು” ಎಂದ ಅವನು, ಟವೆಲ್ ಹಿಂಡುತ್ತಾ. “ಮನೆ ಪೂರ್ತಿ ಖಾಲಿ ಮಾಡಬೇಕು, ಮೊಮ್ಮಗಳು ಬರ್ತಾಳೆ ಅಂತ. ಬುಧವಾರವೇ ಬಂದಿದ್ದೆ.”

“ಬಂದಿದ್ದ. ನಾನೇ ವಾಪಸು ಕಳಿಸಿದೆ” ಎಂದಳು ತಾಯಿ. “ಎದುರುಮನೆಯಲ್ಲಿ ಜನ ಇದ್ರು. ನಾಚಿಕೆ ಆಯ್ತು ನಂಗೆ. ನಿಮ್ಮಪ್ಪ ಎಲ್ಲ ದಾರಿಗೆ ತಂದಿಟ್ಟಿದ್ರು, ಕಳಿಸೋಕೆ ಅಂತ. ಇಷ್ಟು ವರ್ಷದಲ್ಲಿ ಆ ದಾರಿ ಮುಚ್ಚಿದ್ದು ಈ ಒಂದು ಸಲ. ಮುಚ್ಚಿದ್ದು ಅವರು. ಮುಚ್ಚಿದ ಹಾಗೇ ಇರಿಸಿದ್ದು ನಾನು. ಆಟೊ ಬರಲಿಲ್ಲ ಅಂತ ಅವರಿಗೂ ಸುಳ್ಳು ಹೇಳಿದೆ.”

ಅಂದು ಯಾವ ಜಗುಲಿಯ ಕಣ್ಣಿಗೆ ಹೆದರಿದ್ದಳೋ ಅದು ಇವತ್ತೂ ತುಂಬಿತ್ತು. ಫ್ರಿಜ್ಜು, ರೇಡಿಯೊಗಳು, ಡಬ್ಬಿಗಳು, ಒಂದು ಬಾಳಿನ ಒಳಗಿದ್ದದ್ದೆಲ್ಲ ಅವರೆಲ್ಲರ ಮುಂದೆ ಬಿಸಿಲಿನಲ್ಲಿ ಬಿದ್ದಿತ್ತು.

ಮಗಳು ತಾಯಿಯನ್ನು ನೋಡಿದಳು. ಆ ನೋಟದಲ್ಲಿ ಇದ್ದದ್ದೇನು ಎಂದು ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಅವಳು ಬಾಗಿಲ ಹಿಂದಿನ ಹಗ್ಗ ತೆಗೆದುಕೊಂಡು ಬಂದು ಆಟೊ ಚಾಲಕನ ಕೈಗೆ ಕೊಟ್ಟಳು. “ಹೇರಿ” ಎಂದಳು. ಆಮೇಲೆ ಹೋಗಿ ವಾಹನದಲ್ಲಿ ಅಪ್ಪನ ಪಕ್ಕ ಕೂತಳು.

ತಾಯಿ ಹತ್ತುವ ಮೊದಲು ಒಮ್ಮೆ ಹಿಂದಿರುಗಿ ನೋಡಿದಳು. ಎಲ್ಲರೂ ಸಾಮಾನು ಹೇರುವ ಗಡಿಬಿಡಿಯಲ್ಲಿದ್ದಾಗ ಗುಬ್ಬಿ ಜಗುಲಿಯಿಂದ ಇಳಿದು ಮನೆಯೊಳಗೆ ಹೋಗಿದ್ದಳು. ಕಿಟಕಿ ಈಗ ಕಾಣುತ್ತಿತ್ತು. ನೆಲದಲ್ಲಿ ಸಾಮಾನುಗಳಿದ್ದ ಕಡೆ ಚೌಕ ಚೌಕದ ಬಿಳಿ ಗುರುತುಗಳು. ಹುಡುಗಿ ಎರಡೂ ಕೈಗಳನ್ನು ಅಗಲಕ್ಕೆ ಚಾಚಿಕೊಂಡು, ಮುಂಬಾಗಿಲಿಂದ ಹಿಂದಿನ ಕೋಣೆಯವರೆಗೆ ಓಡಿ, ತಿರುಗಿ ಓಡಿ ಬಂದಳು. ಕೈ ಯಾವುದಕ್ಕೂ ತಗುಲಲಿಲ್ಲ.

ಸ್ಟ್ರೆಚರ್ ಒಳಗೆ ಹೋಗಿದ್ದರೆ ಅವರು ಉಳಿಯುತ್ತಿದ್ದರೇ ಎಂಬುದು ಯಾರಿಗೂ ಗೊತ್ತಿಲ್ಲ. ಸ್ಮಶಾನದವರೆಗಿನ ದಾರಿಯಲ್ಲಿ ತಾಯಿ ಮಗಳು ಏನಾದರೂ ಮಾತಾಡಿದರೇ, ಅದು ನನಗೂ ಗೊತ್ತಿಲ್ಲ.