ಎರಡು ಔಷಧಿಗೆ ಒಂದೇ ಹನಿ

ದನಕರುಗಳಿಗೆ ಔಷಧಿ ಹೇಗೆ ಕೊಡಬೇಕೆಂದು ಓದು ಬಾರದವರಿಗೂ ಚಿತ್ರದಲ್ಲೇ ತಿಳಿಸುವ ವೆಬ್ ಆ್ಯಪ್ ಅದು. ಆಳಂದದ ಸಣ್ಣ ಕಚೇರಿಯೊಂದರಲ್ಲಿ ಶಿವಗಂಗಾ, ನಸ್ರೀನ ಕೂಡಿ ಕಟ್ಟುತ್ತಿದ್ದರು. ನಸ್ರೀನ ಬರೆದ ವೆಕ್ಟರ್ ಚಿತ್ರಗಳನ್ನು ಶಿವಗಂಗಾ ಕಾಂಪೊನೆಂಟ್ ಮಾಡಿಡುವಳು. ಒಮ್ಮೆ ಮಾಡಿಟ್ಟರೆ ಯಾವ ಪುಟಕ್ಕಾದರೂ ಬೇಕಾದ ಅಳತೆ, ಬಣ್ಣದಲ್ಲಿ ಕರೆದುಕೊಳ್ಳಬಹುದಿತ್ತು.

ಕುಡಿಸುವ ಔಷಧಿಗೆ ನಸ್ರೀನ ಬಾಯಿ ತೆರೆದ ಎಮ್ಮೆ ಬರೆದಿದ್ದಳು, ಮೈಗೆ ಹಚ್ಚುವುದಕ್ಕೆ ಬೆನ್ನು ಸವರುವ ಕೈ. ಶಿವಗಂಗಾಗೆ ಅದು ದಂಡದ ಕೆಲಸವೆನಿಸಿತು.

"ಎರಡ್ಯಾಕ ಬೇ? ಒಂದು ಹನಿ ಸಾಕು. ಕುಡಿಸೋದಕ್ಕ ನೀಲಿ, ಹಚ್ಚೋದಕ್ಕ ಹಸಿರು ಬಣ್ಣ ಕೊಡ್ತೇನಿ."

"ಬಿಸಿಲಾಗ ಮೊಬೈಲ್ ಹಿಡಿದ್ರ ನೀಲಿ ಯಾವುದು, ಹಸಿರು ಯಾವುದು ಹ್ಯಾಂಗ ಗೊತ್ತಾಗ್ತದ?"

"ನೀ ಭಾಳ ವಿಚಾರ ಮಾಡ್ತಿ," ಎಂದು ಶಿವಗಂಗಾ ನಕ್ಕಳು. ಎಲ್ಲ ಪುಟಗಳಲ್ಲೂ ಹನಿಯನ್ನೇ ಕೂರಿಸಿದಳು.

ಆ್ಯಪ್ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳನ್ನೂ ಮುಟ್ಟಿತು. ಒಂದು ದಿನ ದನದ ಡಾಕ್ಟರು ಫೋನ್ ಮಾಡಿದರು. ಗೊಬ್ಬೂರಿನ ಸುಮಿತ್ರಾಬಾಯಿ ಎಂಬಾಕೆ ಆ್ಯಪ್ ನೋಡಿ, ಉಣ್ಣೆ ಹುಳಕ್ಕೆ ಮೈಗೆ ಹಚ್ಚುವ ಔಷಧಿಯನ್ನು ಎಮ್ಮೆಗೆ ಕುಡಿಸಿದ್ದಳು. ಎಮ್ಮೆ ಉಳಿಯಲಿಲ್ಲ.

ಶಿವಗಂಗಾ ಮೊಬೈಲ್ ಹಿಡಿದು ಅಂಗಳದ ಬಿಸಿಲಿಗೆ ಬಂದಳು. ಎರಡೂ ಹನಿ ಒಂದೇ ತೆರನಾಗಿ ಕಂಡವು. ಅವತ್ತೇ ಗೊಬ್ಬೂರಿನ ಬಸ್ಸು ಹತ್ತಿದಳು.

ಸುಮಿತ್ರಾಬಾಯಿ ಬರಿದಾದ ಗೂಟದ ಹತ್ತಿರ ಕುಳಿತಿದ್ದಳು. ಬಂದವಳು ಯಾರೆಂದು ತಿಳಿದ ಮೇಲೂ ಬೈಯಲಿಲ್ಲ.

"ನನ್ನ ಕಣ್ಣ ಸರಿ ಇಲ್ಲವ್ವ. ಹನಿ ನೋಡಿದೆ, ಕುಡಿಸೋದು ಅಂತ ತಿಳಕೊಂಡೆ."

"ನಿಮ್ದಲ್ರಿ ಆಯಿ, ತಪ್ಪು ನಂದು. ಎರಡಕ್ಕೂ ಒಂದೇ ಚಿತ್ರ ಇಟ್ಟಾಕಿ ನಾನು. ಬ್ಯಾಡ ಅಂತ ನನ್ನ ಗೆಳತಿ ಹೇಳಿದ್ಲು, ನಾ ಕೇಳಲಿಲ್ಲ."

ಮುದುಕಿ ಮೊಣಕಾಲಿಗೆ ಕೈಯೂರಿ ಎದ್ದಳು. "ಬಿಸಿಲಾಗ ಬಂದೀದಿ, ಚಾ ಕುಡದು ಹೋಗು. ಹಾಲಿಲ್ಲ, ಕರೀ ಚಾ ಮಾಡ್ತೇನಿ."

ಆ ಕರೀ ಚಹಾವನ್ನು ಶಿವಗಂಗಾ ಪೂರ್ತಿ ಕುಡಿದಳು.

ಮರುದಿನ ಹನಿಯನ್ನು ಎಲ್ಲ ಪುಟಗಳಿಂದ ಕಿತ್ತು, ನಸ್ರೀನಳ ಎರಡು ಚಿತ್ರಗಳನ್ನು ಬೇರೆಬೇರೆ ಕಾಂಪೊನೆಂಟ್ ಮಾಡಿ ಕೂರಿಸಿದಳು. ಗಳಿಗೆಯ ಕೆಲಸ. ಅಷ್ಟು ಸಲೀಸಾಗಿ ಮುಗಿದದ್ದೇ ಅವಳನ್ನು ಚುಚ್ಚಿತು. ನಸ್ರೀನಳ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದಳು.

'ನಾ ಹೇಳಿರಲಿಲ್ಲೇನು' ಎಂದು ನಸ್ರೀನ ಅನ್ನಲಿಲ್ಲ. "ಆ ಎಮ್ಮಿಗೆ ಏನಂತ ಕರೀತಿದ್ರು?" ಎಂದಷ್ಟೇ ಕೇಳಿದಳು.

ಶಿವಗಂಗಾ ಅದನ್ನು ಕೇಳಿಕೊಂಡು ಬಂದಿರಲಿಲ್ಲ.